ಇನ್ನೊಂದು ತುದಿಯ ಬೌಲರ್: ಸುನೀಲ್ ಜೋಶಿ ಅವರ ಆಟದ ಬದುಕು

ಬಳ್ಳಾರಿಯ ಕ್ರೀಡಾಪ್ರೇಮಿಗಳೆ, ಸಿರುಗುಪ್ಪ, ಕುರುಗೋಡುಗಳಿಂದ ಬಸ್ಸು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಹುಡುಗ ಹುಡುಗಿಯರೆ,

ದತ್ತಿ ಉಪನ್ಯಾಸ ಎಂದರೆ ವಚನ, ದಾಸಸಾಹಿತ್ಯ, ಇಲ್ಲವೇ ನಮ್ಮ ಬಳ್ಳಾರಿ ರಾಘವರ ರಂಗಭೂಮಿ ಎಂದು ನೀವು ಅಂದುಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ. ಕ್ರೀಡೆಯ ಬಗ್ಗೆ ಮಾತಾಡಬಹುದೇ ಎಂದು ಕೇಳಿದಾಗ ಸಂಚಾಲಕರು ಒಂದು ಗಳಿಗೆ ಸುಮ್ಮನಿದ್ದು, 'ಮಾತಾಡಿ, ಆದರೆ ಒಂದು ತಾಸು ಮೀರಬೇಡಿ' ಎಂದರು. ನಾನು ಆಟಗಾರನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಷ್ಟರಾಗಿದ್ದಾಗ ಶಾಲಾ ಪಂದ್ಯಗಳಿಗೂ ತಾಲ್ಲೂಕು ಪಂದ್ಯಗಳಿಗೂ ಸ್ಕೋರ್ ಬರೆಯುತ್ತಿದ್ದವನು. ಬೇವಿನ ಮರದ ಕೆಳಗೆ ಒಂದು ಬೆಂಚು, ಒಂದು ಉದ್ದನೆಯ ಪುಸ್ತಕ, ಎರಡು ಪೆನ್ಸಿಲ್: ಇಷ್ಟೇ ನನ್ನ ಕ್ರೀಡಾಸೇವೆ. ಹಾಗಾಗಿ ಇವತ್ತಿನ ಮಾತಿನಲ್ಲಿ ಅಂಕಿಗಳು ಸ್ವಲ್ಪ ಹೆಚ್ಚಾದರೆ ಹಳೆಯ ಚಾಳಿ ಎಂದು ಕ್ಷಮಿಸಬೇಕು.

ನಾನು ಆರಿಸಿಕೊಂಡಿರುವುದು ನಿವೃತ್ತ ಕ್ರಿಕೆಟಿಗ ಸುನೀಲ್ ಜೋಶಿ ಅವರ ಆಟದ ಬದುಕನ್ನು. ಜೊತೆಗೆ ಕ್ರೊಯೇಷಿಯಾದ ನಿವೃತ್ತ ಬ್ಯಾಸ್ಕೆಟ್‌ಬಾಲ್ ಆಟಗಾರ ಟೋನಿ ಕುಕೋಚ್ ಆಗಾಗ ಬಂದು ಹೋಗುತ್ತಾರೆ. ಗದಗಿನ ಎಡಗೈ ಸ್ಪಿನ್ನರ್ ಎಲ್ಲಿ, ಏಡ್ರಿಯಾಟಿಕ್ ಕಡಲದಂಡೆಯ ಆರು ಅಡಿ ಹನ್ನೊಂದು ಅಂಗುಲದ ಆಸಾಮಿ ಎಲ್ಲಿ ಎಂದು ನಗಬೇಡಿ. ಇಬ್ಬರನ್ನೂ ಕೂಡಿಸುವ ಎಳೆ ಒಂದಿದೆ. ಮೊದಲು ಊರಿನಿಂದ ಮೈದಾನಕ್ಕೆ ಹೋಗುವ ದಾರಿಯ ಮಾತು, ಆಮೇಲೆ ಆ ಎಳೆ, ಅದಾದ ಮೇಲೆ ಎರಡು ಪಂದ್ಯಗಳು, ಕೊನೆಗೆ ಆಟ ಬಿಟ್ಟ ಮೇಲಿನ ಬದುಕು. ಈ ಕ್ರಮದಲ್ಲಿ ಹೋಗೋಣ.

ದಾರಿಯಿಂದ ಶುರು ಮಾಡುತ್ತೇನೆ.

ಸುನೀಲ್ ಜೋಶಿ ಹುಟ್ಟಿದ್ದು 1970ರ ಜೂನ್ 6ರಂದು, ಗದಗಿನಲ್ಲಿ. ಆಗ ಗದಗ ಜಿಲ್ಲೆಯಲ್ಲ, ಧಾರವಾಡ ಜಿಲ್ಲೆಯ ಒಂದು ಊರು. ಕ್ರಿಕೆಟ್ ಕಲಿಯಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಹುಡುಗ ಬೆಳಗ್ಗೆ ಎದ್ದು ಸುಮಾರು ಅರವತ್ತು ಕಿಲೋಮೀಟರ್ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಗದಗಿಗೆ ವಾಪಸು ಬರುತ್ತಿದ್ದ. ಅವರ ಬಗ್ಗೆ ಬರೆದವರೆಲ್ಲ ಈ ಮಾತನ್ನು ಹೇಳುತ್ತಾರೆ, ಹೇಳಿ ಮುಂದಿನ ವಾಕ್ಯಕ್ಕೆ ಹೋಗಿಬಿಡುತ್ತಾರೆ. ನನಗೆ ಅಲ್ಲೇ ನಿಲ್ಲಬೇಕು ಅನಿಸುತ್ತದೆ. ಹೋಗಿ ಬರಲು ನೂರಿಪ್ಪತ್ತು ಕಿಲೋಮೀಟರ್, ಅದೂ ಶಾಲೆ ಶುರುವಾಗುವ ಮೊದಲು. ಮನೆಯಲ್ಲಿ ಆ ಹೊತ್ತಿಗೆ ಎದ್ದು ಒಲೆ ಹಚ್ಚಿದವರು ಒಬ್ಬರಿರಬೇಕು. ದಿನದ ಟಿಕೆಟ್ಟಿನ ದುಡ್ಡು ಕೊಟ್ಟವರು ಒಬ್ಬರಿರಬೇಕು. ಮೊದಲನೆಯ ಪೀರಿಯಡ್ಡಿನಲ್ಲಿ ಹುಡುಗ ತೂಕಡಿಸಿದರೆ ಕಂಡೂ ಕಾಣದಂತಿದ್ದ ಮೇಷ್ಟರೂ ಒಬ್ಬರಿದ್ದಿರಬೇಕು.

ಸಿರುಗುಪ್ಪದಿಂದ ಬಳ್ಳಾರಿಗೂ ಹೆಚ್ಚೂಕಡಿಮೆ ಅಷ್ಟೇ ದೂರ. ಕುರುಗೋಡಿನಿಂದ ಅದರ ಅರ್ಧ. ಅಂದರೆ ಹಿಂದಿನ ಸಾಲಿನವರಿಗೆ ಈ ಕತೆ ಹೊಸದಲ್ಲ. ಗದಗಿನ ಮುಂದೆ ಹಾಯ್ದು ಹೋಗುವ ಹುಬ್ಬಳ್ಳಿ–ಗುಂತಕಲ್ ರೈಲು ಹಳಿ ಕೊಪ್ಪಳ, ಹೊಸಪೇಟೆ, ತೋರಣಗಲ್ಲು ದಾಟಿ ನಮ್ಮ ಊರಿಗೇ ಬರುತ್ತದೆ. ಹಳಿ ಒಂದೇ, ಆದರೆ ಆಡಳಿತದ ನಕ್ಷೆ ಬೇರೆ ಬೇರೆ ಇತ್ತು. 1956ರವರೆಗೆ ಗದಗ ಮುಂಬಯಿ ರಾಜ್ಯದಲ್ಲಿತ್ತು. ಬಳ್ಳಾರಿ ಮದರಾಸಿನಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಅತ್ತ ಆಂಧ್ರಕ್ಕೆ ಹೋದವು, ಸಿರುಗುಪ್ಪ ಇತ್ತ ಉಳಿಯಿತು. ರಾಜ್ಯ ಒಂದಾದ ಮೇಲೂ ಕ್ರಿಕೆಟ್ಟಿನ ಬಾಗಿಲು ಮಾತ್ರ ಬಹಳ ಕಾಲ ಬೆಂಗಳೂರಿನಲ್ಲೇ ಇತ್ತು. ಈ ಕಡೆಯ ಹುಡುಗ ಎರಡು ಸಲ ಪರೀಕ್ಷೆ ಪಾಸಾಗಬೇಕು: ಮೊದಲು ವಲಯದಲ್ಲಿ, ಆಮೇಲೆ ರಾಜಧಾನಿಯಲ್ಲಿ. ಜೋಶಿ 1992-93ರಲ್ಲಿ ರಣಜಿ ಆಡಿದರು. ಆಗ ಅವರಿಗೆ ಇಪ್ಪತ್ತೆರಡು. ನಾಲ್ಕನೆಯ ಋತುವಿನಲ್ಲೇ, 1995-96ರ ರಣಜಿಯಲ್ಲಿ, 500ಕ್ಕೂ ಹೆಚ್ಚು ರನ್ ಹೊಡೆದು 50ಕ್ಕೂ ಹೆಚ್ಚು ವಿಕೆಟ್ ತೆಗೆದರು. ಒಂದೇ ಋತುವಿನಲ್ಲಿ ಎರಡೂ. ಆ ವರ್ಷ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂತು.

ಕುಕೋಚ್ ಅವರ ದಾರಿ ಹೀಗಿರಲಿಲ್ಲ. 1968ರ ಸೆಪ್ಟೆಂಬರ್ 18ರಂದು ಸ್ಪ್ಲಿಟ್ ಎಂಬ ಕಡಲ ಪಟ್ಟಣದಲ್ಲಿ ಹುಟ್ಟಿ, ಚಿಕ್ಕವರಿದ್ದಾಗ ಟೇಬಲ್ ಟೆನಿಸ್, ಫುಟ್‌ಬಾಲ್ ಆಡಿ, ಎತ್ತರ ಬೆಳೆದ ಮೇಲೆ ಬ್ಯಾಸ್ಕೆಟ್‌ಬಾಲ್‌ಗೆ ಬಂದವರು. ಅವರ ತಂಡದ ಹೆಸರು ಯುಗೊಪ್ಲಾಸ್ಟಿಕಾ, ಅದು ಅದೇ ಊರಿನ ಪ್ಲಾಸ್ಟಿಕ್ ಕಾರ್ಖಾನೆಯ ಹೆಸರು. ಕಾರ್ಖಾನೆ ಊರಿನಲ್ಲಿ, ತಂಡ ಊರಿನಲ್ಲಿ, ಅಂಗಳ ಊರಿನಲ್ಲಿ. ಆ ತಂಡ 1989, 1990, 1991 ಹೀಗೆ ಸತತ ಮೂರು ವರ್ಷ ಯುರೋಪಿನ ಚಾಂಪಿಯನ್ ಆಯಿತು. ಮೂರನೆಯ ವರ್ಷಕ್ಕೆ ಪ್ರಾಯೋಜಕರು ಬದಲಾಗಿ ತಂಡದ ಹೆಸರು ಬೇರೆಯಾಗಿತ್ತು, ಅಷ್ಟೆ. ನಮ್ಮಲ್ಲೂ ಬ್ಯಾಂಕುಗಳು, ರೈಲ್ವೆ ಆಟಗಾರರಿಗೆ ಅನ್ನ ಹಾಕಿದವು. ವಿಜಯಾ ಬ್ಯಾಂಕ್ ಬ್ಯಾಸ್ಕೆಟ್‌ಬಾಲ್ ತಂಡವನ್ನು ಸಾಕಿತ್ತು. ಆ ಬ್ಯಾಂಕೇ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಇನ್ನು ನಮ್ಮದೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ 2018ರಿಂದ ದೇಶದ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆಯೊಂದಿದೆ. ನೀರಜ್ ಚೋಪ್ರಾ ಜಾವೆಲಿನ್ ಎಸೆದು ಪಳಗಿದ ಅಂಗಳಗಳಲ್ಲಿ ಅದೂ ಒಂದು ಎಂಬುದು ನಿಮಗೆ ಗೊತ್ತೇ ಇದೆ.

ದಾರಿಯ ಮಾತು ಇಲ್ಲಿಗೆ ಸಾಕು. ಈಗ ಆ ಎಳೆಗೆ ಬರುತ್ತೇನೆ. ಇವತ್ತಿನ ಉಪನ್ಯಾಸದ ತಿರುಳು ಇದೇ.

ಕ್ರಿಕೆಟ್ಟಿನಲ್ಲಿ ಬೌಲಿಂಗ್ ಎರಡು ತುದಿಗಳಿಂದ ನಡೆಯುತ್ತದೆ. ಪೇಪರಿನಲ್ಲಿ ಮಾತ್ರ ಒಂದು ತುದಿಯೇ ಕಾಣುತ್ತದೆ. ಒಂದು ಕಡೆ ವಿಕೆಟ್ ಬೀಳಬೇಕಾದರೆ ಇನ್ನೊಂದು ಕಡೆ ರನ್ ಬರಬಾರದು. ಎರಡು ಓವರ್ ಖಾಲಿ ಹೋದರೆ ಬ್ಯಾಟ್ಸ್‌ಮನ್ ತಾಳ್ಮೆ ಕಳೆದುಕೊಂಡು ಮೂರನೆಯದರಲ್ಲಿ, ಅದೂ ಆ ಕಡೆಯ ಬೌಲರ್‌ಗೆ, ಬ್ಯಾಟ್ ಬೀಸುತ್ತಾನೆ. ವಿಕೆಟ್ ಬರೆಯುವಾಗ ನಾನು ಆ ಕಡೆಯವನ ಹೆಸರನ್ನೇ ಬರೆಯಬೇಕು. ದುಡಿದವನು ಈ ಕಡೆಯವನು. ಸ್ಕೋರ್‌ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಎಡಗೈ ಸ್ಪಿನ್ ಇಂಥ ದುಡಿಮೆಗೆಂದೇ ಇರುವ ಕಸುಬು. ಚೆಂಡನ್ನು ತೋರುಬೆರಳು, ನಡುಬೆರಳುಗಳ ನಡುವೆ ಹಿಡಿದು, ತೋರುಬೆರಳಿನ ಗೆಣ್ಣಿನಿಂದ ಹೊಲಿಗೆಯನ್ನು ತಿರುವಿ ಬಿಡಬೇಕು. ಬಲಗೈ ಬ್ಯಾಟ್ಸ್‌ಮನ್ನಿಗೆ ಚೆಂಡು ಒಳಗೆ ಬಂದಂತೆ ಕಂಡು ಬಿದ್ದ ಮೇಲೆ ಹೊರಗೆ ಸರಿಯುತ್ತದೆ. ನಡುನಡುವೆ ಒಂದು ಸರಿಯದೆ ನೆಟ್ಟಗೆ ನುಗ್ಗುತ್ತದೆ. ದಿನಕ್ಕೆ ಮೂವತ್ತು ಓವರ್ ಹಾಕಿದವನ ತೋರುಬೆರಳಿನ ಚರ್ಮ ಸಂಜೆಗೆ ಒಡೆದಿರುತ್ತದೆ. ಆ ಬೆರಳಲ್ಲಿ ಸಾರನ್ನ ಕಲಸಿದರೆ ಉರಿ ಎಂಥದೆಂದು ನಮ್ಮ ತಾಲ್ಲೂಕು ತಂಡದ ಹುಡುಗನೊಬ್ಬ ತೋರಿಸಿದ್ದ. ಅವನು ಚಮಚ ಕೇಳಿದ್ದು ದೊಡ್ಡಸ್ತಿಕೆಗಲ್ಲ.

ಕರ್ನಾಟಕದಲ್ಲಿ ಈ ಕಸುಬಿನವರ ಸಾಲೇ ಇದೆ. ಬಿ. ವಿಜಯಕೃಷ್ಣ ಅವರನ್ನು ನೆನೆಯಿರಿ. 1973-74ರಲ್ಲಿ ನಾವು ಮೊದಲ ಬಾರಿ ರಣಜಿ ಗೆದ್ದಾಗ ಪ್ರಸನ್ನ, ಚಂದ್ರಶೇಖರ್ ಜೊತೆಗಿದ್ದ ಮೂರನೆಯ ಸ್ಪಿನ್ನರ್ ಅವರು. ಒಂದು ಟೆಸ್ಟನ್ನೂ ಆಡಲಿಲ್ಲ. ಆಮೇಲೆ ಪುತ್ತೂರಿನ ರಘುರಾಮ್ ಭಟ್. 1982ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ ಅವರ ಬೌಲಿಂಗ್ ಎದುರಿಸಲಾಗದೆ ಸುನಿಲ್ ಗಾವಸ್ಕರ್ ಅಂಥವರೇ ಬಲಗೈ ಬಿಟ್ಟು ಎಡಗೈಯಲ್ಲಿ ಬ್ಯಾಟ್ ಹಿಡಿದು ನಿಂತರು. ಭಟ್ ಅವರಿಗೆ ಸಿಕ್ಕಿದ್ದು ಎರಡು ಟೆಸ್ಟ್. ನಮ್ಮವರಷ್ಟೇ ಅಲ್ಲ, ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತೆಗೆದರು. ಬಿಷನ್ ಸಿಂಗ್ ಬೇಡಿ ಇದ್ದ ಕಾಲ, ಟೆಸ್ಟ್ ಸೊನ್ನೆ. ಈ ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಜೋಶಿ ಅದೃಷ್ಟವಂತರೇ: 15 ಟೆಸ್ಟ್, 69 ಏಕದಿನ.

ಅವರ ಅದೃಷ್ಟವೂ ದುರದೃಷ್ಟವೂ ಒಂದೇ ಹೆಸರಿನಲ್ಲಿತ್ತು: ಅನಿಲ್ ಕುಂಬ್ಳೆ. ಒಂದೇ ರಾಜ್ಯ, ಒಂದೇ ಕಾಲ, ಒಂದೇ ವಯಸ್ಸು. ಇಬ್ಬರೂ ಹುಟ್ಟಿದ್ದು 1970ರಲ್ಲಿ. ಜೋಶಿ ಮೊದಲ ಟೆಸ್ಟ್ ಆಡಿದ್ದು ಎಜ್‌ಬಾಸ್ಟನ್‌ನಲ್ಲಿ, 1996ರ ಜೂನ್ 6ರಂದು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನ. ಆ ಹನ್ನೊಂದರಲ್ಲಿ ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜೋಶಿ, ಹೀಗೆ ನಾಲ್ವರು ಕನ್ನಡಿಗರು. ಎರಡು ವಾರಕ್ಕೆ ಲಾರ್ಡ್ಸ್ ಟೆಸ್ಟ್. ಅಲ್ಲಿ ರಾಹುಲ್ ದ್ರಾವಿಡ್ ಒಳಗೆ ಬಂದರು, ಜೋಶಿ ಹೊರಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಟೈಟನ್ ಕಪ್ ಪಂದ್ಯದಲ್ಲಿ, ಅದೇ, ಶ್ರೀನಾಥ್–ಕುಂಬ್ಳೆ ಕೊನೆಯಲ್ಲಿ ನಿಂತು ಆಸ್ಟ್ರೇಲಿಯಾ ವಿರುದ್ಧ ಗೆಲ್ಲಿಸಿದ ಪಂದ್ಯದಲ್ಲಿ, ಆರು ಮಂದಿ ಕರ್ನಾಟಕದವರು ಆಡಿದರು. ಜೋಶಿಯೂ ಒಬ್ಬರು. ನೆನಪಿರುವುದು ಆ ಇಬ್ಬರದೇ.

1999ರ ಜನವರಿ ಕೊನೆ, ಚೆನ್ನೈ, ಪಾಕಿಸ್ತಾನದ ವಿರುದ್ಧ ಟೆಸ್ಟ್. ಗೆಲ್ಲಲು 271 ಬೇಕು. ಸಚಿನ್ ಬೆನ್ನುನೋವು ನುಂಗಿಕೊಂಡು 136 ಹೊಡೆದು ಔಟಾದಾಗ ಇನ್ನು 17 ರನ್. ಆ ಕಡೆ ನಿಂತಿದ್ದವರು ಜೋಶಿ. ಆಮೇಲೆ ಕುಂಬ್ಳೆ ಹೋದರು. ಜೋಶಿ 8 ರನ್ನಿಗೆ ಸಕ್ಲೇನ್ ಮುಷ್ತಾಕ್ ಅವರ ಕೈಗೇ ಕ್ಯಾಚ್ ಕೊಟ್ಟರು. ಕೊನೆಯ ನಾಲ್ಕು ವಿಕೆಟ್ ನಾಲ್ಕೇ ರನ್ನಿಗೆ ಬಿದ್ದು ನಾವು 12 ರನ್ನಿನಿಂದ ಸೋತೆವು. ಮುಂದಿನ ಟೆಸ್ಟ್ ದೆಹಲಿಯಲ್ಲಿ. ಹನ್ನೊಂದರಲ್ಲಿ ಜೋಶಿ ಇಲ್ಲ, ಹರ್ಭಜನ್ ಸಿಂಗ್ ಇದ್ದರು. ಫೆಬ್ರುವರಿ 7ರಂದು ಕುಂಬ್ಳೆ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ತೆಗೆದರು. ಬಳ್ಳಾರಿಯ ಬೀದಿಗಳಲ್ಲಿ ಅವತ್ತು ಪಟಾಕಿ ಹೊಡೆದವರಲ್ಲಿ ನಾನೂ ಇದ್ದೆ. ಹತ್ತು ದಿನದ ಹಿಂದೆ ಅದೇ ಕುಂಬ್ಳೆಯವರ ಎದುರು ತುದಿಯಿಂದ ಬೌಲ್ ಮಾಡಿದ ಗದಗಿನವರು ಎಲ್ಲಿದ್ದಾರೆಂದು ಅವತ್ತು ನಾನು ಯೋಚಿಸಿದೆನೆಂದರೆ ಸುಳ್ಳು ಹೇಳಿದಂತಾಗುತ್ತದೆ. ಯೋಚಿಸಲಿಲ್ಲ.

ಕುಕೋಚ್ ಇಲ್ಲಿ ಮತ್ತೆ ಬರುತ್ತಾರೆ. ಯುರೋಪಿನಲ್ಲಿ ಅವರೇ ರಾಜ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಹೊಸ ದೇಶ ಕ್ರೊಯೇಷಿಯಾ ಅಮೆರಿಕದ ಡ್ರೀಮ್ ಟೀಮ್ ವಿರುದ್ಧ ಫೈನಲ್ ಆಡಿ ಬೆಳ್ಳಿ ಗೆದ್ದಿತು. ಅದೇ ಕೂಟದ ಮೊದಲ ಮುಖಾಮುಖಿಯಲ್ಲಿ ಮೈಕೆಲ್ ಜೋರ್ಡನ್, ಸ್ಕಾಟಿ ಪಿಪ್ಪೆನ್ ಹಟ ಹಿಡಿದು ಕುಕೋಚ್ ಅವರನ್ನು ಕಟ್ಟಿಹಾಕಿದ್ದರು. ಅವರಿಗೆ ಸಿಕ್ಕಿದ್ದು ನಾಲ್ಕೇ ಅಂಕ. ಮರುವರ್ಷ ಅದೇ ಇಬ್ಬರ ತಂಡವಾದ ಷಿಕಾಗೊ ಬುಲ್ಸ್ ಸೇರಲು ಹೋದರು. ಹೋಗುವ ಹೊತ್ತಿಗೆ ಜೋರ್ಡನ್ ಆಟ ಬಿಟ್ಟಿದ್ದರು! 1994ರ ಮೇ 13ರಂದು ನ್ಯೂಯಾರ್ಕ್ ತಂಡದ ಎದುರು 1.8 ಸೆಕೆಂಡ್ ಉಳಿದಾಗ, ಕೊನೆಯ ಎಸೆತ ಕುಕೋಚ್‌ಗೆ ಎಂದು ಕೋಚ್ ಹೇಳಿದ್ದಕ್ಕೆ ಪಿಪ್ಪೆನ್ ಮುನಿಸಿಕೊಂಡು ಬೆಂಚಿನಿಂದ ಏಳಲೇ ಇಲ್ಲ. ಕುಕೋಚ್ ಎಸೆದರು, ಗೆದ್ದರು. ಜೋರ್ಡನ್ ಮರಳಿದ ಮೇಲೆ 1996, 97, 98ರಲ್ಲಿ ಬುಲ್ಸ್ ಮೂರು ಪ್ರಶಸ್ತಿ ಗೆದ್ದಾಗ ಕುಕೋಚ್ ಹೆಚ್ಚಾಗಿ ಆಡಿದ್ದು ಮೊದಲ ಐವರಲ್ಲಿ ಅಲ್ಲ, ಬೆಂಚಿನಿಂದ ಎದ್ದು ಹೋಗುವ ಆರನೆಯವರಾಗಿ.

ಬುಲ್ಸ್ ಆಡುವ ಅಮೆರಿಕದ ಆ ಲೀಗ್ ಆರನೆಯವನಿಗೂ ಒಂದು ಪ್ರಶಸ್ತಿ ಇಟ್ಟಿದೆ, 'ವರ್ಷದ ಆರನೆಯ ಆಟಗಾರ'. 1996ರಲ್ಲಿ ಅದು ಕುಕೋಚ್ ಅವರಿಗೆ ಬಂತು. 2006ರಲ್ಲಿ ನಿವೃತ್ತರಾದ ಅವರು 2021ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಆ ಆಟದಲ್ಲಿ ಎರಡನೆಯ ಸಾಲಿನವನಿಗೆ ಒಂದು ಹೆಸರಿದೆ, ಒಂದು ಕಪ್ಪಿದೆ. ನಮ್ಮ ಕ್ರಿಕೆಟ್ಟಿನಲ್ಲಿ ಇರುವುದು ಹನ್ನೆರಡನೆಯ ಆಟಗಾರ ಎಂಬ ಪದ. ಅವನು ನೀರು ತರುತ್ತಾನೆ.

ಈಗ, ಮೊದಲೇ ಹೇಳಿದ ಆ ಎರಡು ಪಂದ್ಯಗಳಿಗೆ ಬರೋಣ.

1999ರ ಸೆಪ್ಟೆಂಬರ್ 26, ಭಾನುವಾರ. ನಾನು ಸಿರುಗುಪ್ಪದಲ್ಲಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತ ಮೊಣಕಾಲೆತ್ತರ ನಿಂತಿತ್ತು. ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯಲ್ಲಿ ಟಿವಿ. ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಏಕದಿನ ಪಂದ್ಯ. ಅದೇ ಜೂನ್‌ನಲ್ಲಿ ವಿಶ್ವಕಪ್ ಸೆಮಿಫೈನಲ್ ಟೈ ಆಗಿ ಹೊರಬಿದ್ದ ತಂಡ ಅದು, ಹಸಿದ ಹುಲಿಯಂತಿತ್ತು. ನಾನು ಕೂತ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಬಂದಾಗ ಪರದೆಯ ಮೇಲೆ ಜೋಶಿ ಹೆಸರಿನ ಮುಂದೆ ಅಂಕಿ ಇತ್ತು. ಗ್ಲಾಸು ತೊಳೆಯುತ್ತಿದ್ದ ಹುಡುಗ ಓದಿ, 'ಸಾರ್, ಆರು ರನ್ನಿಗೆ ಐದು ವಿಕೆಟ್ ಅಂತ್ರೀ, ಟಿವ್ಯಾಗ ತಪ್ಪು ಹಾಕ್ಯಾರ' ಎಂದ. ಲಾರಿ ಡ್ರೈವರ್ ಒಬ್ಬ ಅವನ ಪರವಾಗಿ ಬಾಜಿ ಕಟ್ಟಲೂ ತಯಾರಾದ. ತಪ್ಪಾಗಿರಲಿಲ್ಲ. 10 ಓವರ್, 6 ಮೇಡನ್, 6 ರನ್, 5 ವಿಕೆಟ್.

ಸ್ಕೋರ್ ಬರೆಯುವವನ ಕಣ್ಣಿನಿಂದ ಇದನ್ನು ನೋಡಿ. ರನ್ ಬಾರದ ಎಸೆತಕ್ಕೆ ಒಂದು ಚುಕ್ಕಿ. ಓವರಿನ ಆರೂ ಚುಕ್ಕಿಯಾದರೆ, ಮೂರರ ಕೆಳಗೆ ಮೂರು ಇಟ್ಟು, ಅವನ್ನು ಗೆರೆಯಿಂದ ಕೂಡಿಸಿ 'ಎಂ' ಅಕ್ಷರ ಮಾಡುತ್ತೇವೆ. ಅದೇ ಮೇಡನ್. ಊರ ಪಂದ್ಯಗಳಲ್ಲಿ ಒಂದು ದಿನಕ್ಕೆ ಒಂದೋ ಎರಡೋ ಎಂ ಬಂದರೆ ಹೆಚ್ಚು. ಹತ್ತರಲ್ಲಿ ಆರು ಮನೆಗಳಲ್ಲಿ ಆ ಅಕ್ಷರ, ಅದೂ ಅಂಥ ತಂಡದ ಎದುರು! ಅವತ್ತು ರಾತ್ರಿ ಮನೆಗೆ ಹೋಗಿ ನನ್ನ ಪುಸ್ತಕದ ಖಾಲಿ ಪುಟದಲ್ಲಿ ಸುಮ್ಮನೆ ಆರು ಎಂ ಬರೆದು ನೋಡಿದೆ. ದಕ್ಷಿಣ ಆಫ್ರಿಕಾ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಆ ಸರಣಿಯ ಶ್ರೇಷ್ಠ ಆಟಗಾರ ಯಾರು ಗೊತ್ತೇ? ಇನ್ನೊಬ್ಬ ಕನ್ನಡಿಗ, ವಿಜಯ್ ಭಾರದ್ವಾಜ್. ಅವರದೂ ಬೇಗ ಮುಗಿದುಹೋದ ಕತೆ, ಅದಕ್ಕೆ ಬೇರೆ ಉಪನ್ಯಾಸ ಬೇಕು.

ಎರಡನೆಯದು ಢಾಕಾ, 2000ದ ನವೆಂಬರ್. ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್, ಸೌರವ್ ಗಂಗೂಲಿ ನಾಯಕರಾಗಿ ಆಡಿದ ಮೊದಲ ಟೆಸ್ಟ್. ಕುಂಬ್ಳೆ ಆ ಹನ್ನೊಂದರಲ್ಲಿ ಇರಲಿಲ್ಲ. ಹೊಸ ತಂಡ ಎಂದು ಹಗುರಾಗಿ ಕಂಡ ಬಾಂಗ್ಲಾ ಮೊದಲ ಇನಿಂಗ್ಸಿನಲ್ಲಿ 400 ಹೊಡೆಯಿತು, ಅಮಿನುಲ್ ಇಸ್ಲಾಂ ಒಬ್ಬರೇ 145. ಜೋಶಿ 142 ರನ್ನಿಗೆ 5 ವಿಕೆಟ್. ಆಮೇಲೆ ಬ್ಯಾಟ್ ಹಿಡಿದು 92. ನೂರಕ್ಕೆ ಎಂಟು ಕಡಿಮೆ, ಮತ್ತೆ ಆ ಎಂಟು ರನ್ ಎಂದೂ ಬರಲಿಲ್ಲ. ಅವರ ಟೆಸ್ಟ್ ಬದುಕಿನ ಅತಿ ಹೆಚ್ಚಿನ ಮೊತ್ತ ಅದೇ. ಎರಡನೆಯ ಇನಿಂಗ್ಸಿನಲ್ಲಿ ಬಾಂಗ್ಲಾ 91ಕ್ಕೆ ಕುಸಿಯಿತು, ಜೋಶಿಗೆ ಇನ್ನೂ 3. ಪಂದ್ಯಶ್ರೇಷ್ಠ ಅವರೇ. ಇತಿಹಾಸದಲ್ಲಿ ಆ ಟೆಸ್ಟ್ ಬಾಂಗ್ಲಾದೇಶದ್ದು, ಗಂಗೂಲಿಯವರದು. ಗೆದ್ದುಕೊಟ್ಟವರ ಹೆಸರು ಅಡಿಟಿಪ್ಪಣಿಯಲ್ಲಿ.

ಅದೇ ತಿಂಗಳು ಅವರ ಟೆಸ್ಟ್ ಬದುಕು ಮುಗಿಯಿತು. ಮರುವರ್ಷ ಫೆಬ್ರುವರಿ–ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್‌ಗಳಲ್ಲಿ ಹರ್ಭಜನ್ 32 ವಿಕೆಟ್ ತೆಗೆದ ಮೇಲೆ ಬಾಗಿಲು ಮುಚ್ಚಿತು. ಅನ್ಯಾಯವಾಯಿತೇ ಎಂದು ಯಾರಾದರೂ ಕೇಳಬಹುದು. ಆಯಿತು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. 15 ಟೆಸ್ಟ್‌ಗಳಲ್ಲಿ 41 ವಿಕೆಟ್ ಎಂಬುದು ಒಳ್ಳೆಯ ಲೆಕ್ಕ, ಬಾಗಿಲನ್ನು ಒಡೆದು ಒಳನುಗ್ಗುವ ಲೆಕ್ಕವಲ್ಲ. ಅವರ ದೊಡ್ಡತನ ಇರುವುದು ಇನ್ನೊಂದು ಕಡೆ. ಮೂವತ್ತಕ್ಕೆ ಭಾರತದ ಬಾಗಿಲು ಮುಚ್ಚಿದ ಮೇಲೆ ಅವರು ಇನ್ನೂ ಹತ್ತು ವರ್ಷ ಕರ್ನಾಟಕಕ್ಕೆ ಆಡಿದರು. ಪ್ರೇಕ್ಷಕರಿಲ್ಲದ ರಣಜಿ ಮೈದಾನಗಳಲ್ಲಿ, ನಲವತ್ತರ ಹೊಸ್ತಿಲವರೆಗೆ, ಅದೇ ಬೆರಳಿನಿಂದ. ಒಟ್ಟು 160 ಪ್ರಥಮದರ್ಜೆ ಪಂದ್ಯ, 5129 ರನ್, 615 ವಿಕೆಟ್. ಕುಂಬ್ಳೆಯವರ ಟೆಸ್ಟ್ ವಿಕೆಟ್ 619. ಎರಡೂ ಒಂದೇ ತೂಕದವಲ್ಲ, ಒಪ್ಪುತ್ತೇನೆ. ಆದರೂ ಅಕ್ಕಪಕ್ಕ ಬರೆದು ನೋಡುವುದರಲ್ಲಿ ಸ್ಕೋರರ್‌ಗೆ ಒಂದು ಸುಖವಿದೆ.

ಆಟ ಬಿಟ್ಟ ಮೇಲಿನ ಬದುಕಿನ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಸಂಚಾಲಕರು ಗಡಿಯಾರ ನೋಡುತ್ತಿದ್ದಾರೆ.

2012ರಲ್ಲಿ ಜೋಶಿ ವಿಧಿವತ್ತಾಗಿ ನಿವೃತ್ತರಾದರು. ಆಮೇಲೆ ಅವರು ತರಬೇತಿಗೆ ಹೋದ ತಂಡಗಳ ಹೆಸರು ಕೇಳಿ: ಜಮ್ಮು ಮತ್ತು ಕಾಶ್ಮೀರ, ಒಮಾನ್, ಬಾಂಗ್ಲಾದೇಶ. ಒಂದೂ ಮೊದಲ ಸಾಲಿನ ತಂಡವಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರಕ್ಕೆ ಪ್ರವಾಹ ಬಂದು ಶ್ರೀನಗರದ ಮೈದಾನವೇ ನೀರಿನಲ್ಲಿ ಮುಳುಗಿತ್ತು. ಅದೇ ಡಿಸೆಂಬರ್‌ನಲ್ಲಿ, ಪರ್ವೇಜ್ ರಸೂಲ್ ನಾಯಕತ್ವದ ಆ ತಂಡ ವಾಂಖೆಡೆಗೆ ಹೋಗಿ ನಲವತ್ತು ಸಲ ರಣಜಿ ಗೆದ್ದಿದ್ದ ಮುಂಬಯಿಯನ್ನು ಸೋಲಿಸಿತು. ಕೋಚ್ ಜೋಶಿ. 2017ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ಟೆಸ್ಟಿನಲ್ಲಿ ಮೊದಲ ಬಾರಿ ಆಸ್ಟ್ರೇಲಿಯಾವನ್ನು ಮಣಿಸಿದಾಗ ಹತ್ತು ವಿಕೆಟ್ ಶಕಿಬ್ ಅಲ್ ಹಸನ್ ಅವರದು. ಸ್ಪಿನ್ ಸಲಹೆಗಾರರಾಗಿ ಪೆವಿಲಿಯನ್ನಿನಲ್ಲಿ ಇದ್ದವರು, ಹದಿನೇಳು ವರ್ಷದ ಹಿಂದೆ ಅದೇ ಊರಿನಲ್ಲಿ ಅದೇ ಬಾಂಗ್ಲಾದೇಶವನ್ನು ಸೋಲಿಸಿದ್ದ ಗದಗಿನವರು. 2020ರ ಮಾರ್ಚ್‌ನಲ್ಲಿ ಅವರು ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅದೇ ತಿಂಗಳು ಕೊರೊನಾ ಬಂದು ಆಟವೇ ನಿಂತಿತು, ವರ್ಷ ಮುಗಿಯುವುದರೊಳಗೆ ಅಧ್ಯಕ್ಷಸ್ಥಾನವೂ ಬೇರೆಯವರಿಗೆ ಹೋಯಿತು. ಇದಕ್ಕೂ ನಾನು ನಗಬೇಕೋ ನಿಟ್ಟುಸಿರು ಬಿಡಬೇಕೋ ತಿಳಿಯಲಿಲ್ಲ.

ಕೊನೆಗೊಂದು ಕೋರಿಕೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಟೂರ್ನಿ ನಡೆಸುವ ಸಂಘಟಕರಲ್ಲಿ. ದೊಡ್ಡಬಸವೇಶ್ವರ ಜಾತ್ರೆಯ ಹೊತ್ತಿನ ಪಂದ್ಯವಿರಲಿ, ಸುಗ್ಗಿ ಮುಗಿದ ಮೇಲಿನ ಪಂದ್ಯವಿರಲಿ, ಪಂದ್ಯಶ್ರೇಷ್ಠ ಕಪ್ಪಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಕಪ್ಪು ಇಡಿ, ಇನ್ನೊಂದು ತುದಿಯಿಂದ ಬೌಲ್ ಮಾಡಿದವನಿಗೆ. ಅದನ್ನು ಯಾರಿಗೆ ಕೊಡಬೇಕೆಂದು ಸ್ಕೋರರ್‌ನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ. ಇವತ್ತು ನನಗೆ ಕೊಡುವ ಸಂಭಾವನೆಯ ಲಕೋಟೆಯನ್ನು ಮೊದಲ ವರ್ಷದ ಕಪ್ಪಿಗೆಂದು ಇಲ್ಲೇ ಅಧ್ಯಕ್ಷರ ಕೈಯಲ್ಲಿ ಬಿಟ್ಟು ಹೋಗುತ್ತೇನೆ.